ಡೈರಿ ಸರ್ಕಲ್‌ನಲ್ಲಿ ಇಳಿಯುವವರು

ಬೆಳಗ್ಗೆ ಆರೂವರೆ. ಬೆಂಗಳೂರಿನ ಹೊಸೂರು ರಸ್ತೆ, ಡೈರಿ ಸರ್ಕಲ್ ಹತ್ತಿರ ಇದ್ದೇನೆ. ಈ ಸಿಟಿ ಬಸ್‌ನಿಂದ ಇಳಿಯುತ್ತಿರುವವರ ಕೈ ನೋಡಿ. ಎಕ್ಸ್‌ರೇ ಕವರ್, ರಿಪೋರ್ಟ್ ತುಂಬಿದ ಚೀಲ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ರಾಯಚೂರಿನಿಂದಲೋ ಕೊಪ್ಪಳದಿಂದಲೋ ರಾತ್ರಿ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು ಸೀದಾ ಇಲ್ಲಿಗೆ ಬಂದವರು.

ದೊಡ್ಡ ಸರ್ಕಾರಿ ಆಸ್ಪತ್ರೆಗಳು ಸುಮಾರು ಈ ಮೂಲೆಯಲ್ಲೇ ಇವೆ. ಕ್ಯಾನ್ಸರ್‌ಗೆ ಕಿದ್ವಾಯಿ, 1973ರಿಂದ. ಮೆದುಳು, ನರ, ಮನಸ್ಸಿಗೆ ನಿಮ್ಹಾನ್ಸ್, 1974ರಿಂದ. ಮೂಳೆ ಮುರಿದರೆ ಸಂಜಯ್ ಗಾಂಧಿ, ಮಕ್ಕಳಿಗೆ ಇಂದಿರಾ ಗಾಂಧಿ. ಎದೆನೋವು ಅಂದರೆ ಅಲ್ಲೇ ಬನ್ನೇರುಘಟ್ಟ ರಸ್ತೆಯ ಜಯದೇವ.

ಒಳಗೆ ಕ್ಯಾಮೆರಾ ಒಯ್ದಿಲ್ಲ. ನೋವಿನಲ್ಲಿ ಇರುವವರ ಮುಖ ತೋರಿಸಿ ವ್ಯೂಸ್ ತಗೊಳ್ಳುವುದು ನನಗೆ ಹಿಡಿಸಲ್ಲ. ಆದರೆ ಓಪಿಡಿ ಚೀಟಿ ಮಾಡಿಸುವ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಜೋಡಿಯಾಗಿ ಬಂದವರು ಹೇಗೋ ನಿಭಾಯಿಸುತ್ತಾರೆ, ಒಬ್ಬರು ಸಾಲಿಗೆ, ಒಬ್ಬರು ಪೇಷಂಟ್ ಹತ್ತಿರ. ಕಷ್ಟ ಇರುವುದು ಒಬ್ಬರೇ ಕರೆದುಕೊಂಡು ಬಂದವರಿಗೆ. ನನ್ನ ಮುಂದಿದ್ದ ಹುಡುಗ ಹಿಂದೆ ತಿರುಗಿ, "ಅಣ್ಣಾ, ನನ್ನ ಪಾಳಿ ಸ್ವಲ್ಪ ನೋಡ್ಕೋರಿ, ಅವ್ವ ಒಬ್ಬಾಕೀನ ಕುಂತಾಳ" ಅಂದ. ಓಡಿಹೋಗಿ ನೀರು ಕುಡಿಸಿ ಬಂದ. ಸಾಲು ಒಂದಿಷ್ಟೂ ಮುಂದೆ ಹೋಗಿರಲಿಲ್ಲ!

ಬರುವವರಿಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದಲ್ಲಿ ಸರ್ಕಾರ ಕೊಡುವುದು ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ತುರ್ತು ಅಲ್ಲದಿದ್ದರೆ ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಂಡೇ ಬಸ್ ಹತ್ತಿ. ರೇಷನ್ ಕಾರ್ಡ್, ಆಧಾರ್ ಜೊತೆಗೆ ಹಳೆ ರಿಪೋರ್ಟ್‌ಗಳ ಒರಿಜಿನಲ್ ಕೂಡ ಇರಲಿ.

ಬೆಂಗಳೂರು ಬೆಳೆಯಿತು, ಇನ್ನೂ ಬೆಳೆಯುತ್ತಿದೆ. ಹಾಗಂತ ಇಲ್ಲೇ ಇನ್ನೊಂದು ಬ್ಲಾಕ್, ಮತ್ತೊಂದು ಮಹಡಿ ಅಂತ ಕಟ್ಟುತ್ತಾ ಹೋದರೆ ಈ ಸಾಲು ಕರಗುತ್ತದಾ? ನನಗಂತೂ ಹಾಗೆ ಅನ್ನಿಸುವುದಿಲ್ಲ. ಜಯದೇವ ಮೈಸೂರಿಗೂ ಕಲಬುರಗಿಗೂ ಹೋಯಿತಲ್ಲ, ಅದು ಸರಿಯಾದ ದಾರಿ. ಎದೆ ಹಿಡಿದುಕೊಂಡವರನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಲು ಆಗುತ್ತದಾ ಹೇಳಿ? ಫಿಟ್ಸ್ ಬರುವ ಮಗುವಿನ ಕಥೆಯೂ ಅಷ್ಟೇ ಅಲ್ವಾ?

ನಿಮ್ಮ ಜಿಲ್ಲೆಯಿಂದ ಯಾವ ಕಾಯಿಲೆಗೆ ಇವತ್ತಿಗೂ ಬೆಂಗಳೂರಿಗೇ ಬರಬೇಕು? ಊರಿನ ಹೆಸರು ಹಾಕಿ ಕಾಮೆಂಟ್ ಮಾಡಿ.