ಗದಗದ ಬಿಸಿಲಿಗೆ ಲೆನ್ಸಿಗೊಂದು ಕರಿ ಕನ್ನಡಕ

ಈ ಗಾಳಿಯಂತ್ರ ನೋಡಿ. ರೆಕ್ಕೆ ತಿರುಗುತ್ತಿದೆ, ಆದರೆ ಏನೋ ಸರಿ ಇಲ್ಲ ಅಲ್ವಾ? ಗಡಿಯಾರದ ಸೆಕೆಂಡ್ ಮುಳ್ಳಿನ ಹಾಗೆ ಟಕ್ ಟಕ್ ಅಂತ ಜಿಗಿದು ಜಿಗಿದು ಹೋಗುತ್ತಿದೆ. ಯಂತ್ರದ ತಪ್ಪಲ್ಲ, ನನ್ನದು. ಹೋದ ಫೆಬ್ರವರಿಯಲ್ಲಿ ಗದಗ ದಾಟಿ ಲಕ್ಕುಂಡಿ ಕಡೆ ಹೋಗುವಾಗ, ನಡುಮಧ್ಯಾಹ್ನ ರಸ್ತೆ ಬದಿಗೆ ಬೈಕ್ ನಿಲ್ಲಿಸಿ ತೆಗೆದ ಶಾಟ್ ಇದು. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ ಎಷ್ಟನೇ ಪಾಲು ಇತ್ತು ಗೊತ್ತಾ? 1/3200.

ವಿಡಿಯೋದಲ್ಲಿ ಓಡಾಟ ಕಣ್ಣಿಗೆ ಹಿತವಾಗಿ ಕಾಣಬೇಕಾದರೆ ಶಟರಿನ ಕೆಳಗಿನ ಅಂಕಿ ಫ್ರೇಮ್ ರೇಟಿನ ಎರಡರಷ್ಟು ಇರಬೇಕು ಅನ್ನೋದು ಹಳೇ ಲೆಕ್ಕ. ನಾನು ಸೆಕೆಂಡಿಗೆ 25 ಫ್ರೇಮಿನಂತೆ ತೆಗೆಯುತ್ತೇನೆ, ಹಾಗಾಗಿ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅಂಗಡಿಯ ಟ್ಯೂಬ್‌ಲೈಟೂ ಮಿಣುಕೋದಿಲ್ಲ, ಅದು ಪುಕ್ಕಟೆ ಲಾಭ. 1/50ರಲ್ಲಿ ರೆಕ್ಕೆ ಪ್ರತಿ ಫ್ರೇಮಿನಲ್ಲೂ ಚೂರು ಮಸುಕಾಗುತ್ತದೆ, ಆ ಮಸುಕೇ ಒಂದು ಫ್ರೇಮನ್ನು ಇನ್ನೊಂದಕ್ಕೆ ಹೊಲಿಯುತ್ತದೆ. 1/3200ರಲ್ಲಿ ಹೊಲಿಗೆಯೇ ಇಲ್ಲ.

ಹಾಗಾದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಸಣ್ಣದು ಮಾಡಿದರಾಯಿತಲ್ಲ ಅಂತ ನೀವು ಕೇಳಬಹುದು. ನಾನೂ ಮಾಡಿ ನೋಡಿದೆ. ಇಂಥ ಬಿಸಿಲಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಂಕಿ) 100 ಇಟ್ಟು ಎಫ್ 16ಕ್ಕೆ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಹೋದರೂ ಶಟರ್ ಸುಮಾರು 1/100ಕ್ಕೆ ನಿಲ್ಲುತ್ತದೆ, 1/50 ಸಿಗೋದಿಲ್ಲ. ಮೇಲಾಗಿ ಎಫ್ 16ರಲ್ಲಿ ಚಿತ್ರ ಸ್ವಲ್ಪ ಮೊಂಡಾಗುತ್ತದೆ, ಸೆನ್ಸಾರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಕಾಣುತ್ತದೆ, ಹಿಂದಿನ ಟ್ರಾನ್ಸ್‌ಫಾರ್ಮರ್ ಕಂಬವೂ ನನ್ನ ಮುಖದಷ್ಟೇ ಸ್ಪಷ್ಟ.

ಬೆಳಕನ್ನೇ ಕಡಿಮೆ ಮಾಡಬೇಕು. ಎನ್‌ಡಿ ಫಿಲ್ಟರ್ ಅಂದರೆ ಅಷ್ಟೇ, ಲೆನ್ಸಿಗೆ ಕರಿ ಕನ್ನಡಕ. ಅದರ ಮೇಲಿನ ನಂಬರಿಗೆ ಹೆದರಬೇಡಿ. ಎನ್‌ಡಿ 8 ಅಂದರೆ ಎಂಟರಲ್ಲಿ ಒಂದು ಪಾಲು ಬೆಳಕು ಒಳಗೆ ಬರುತ್ತದೆ, ಅಂದರೆ 3 ಸ್ಟಾಪ್ ಕಡಿಮೆ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ. ಎನ್‌ಡಿ 64 ಅಂದರೆ 6 ಸ್ಟಾಪ್. ಕೆಲವು ಡಬ್ಬಿ ಮೇಲೆ 0.9, 1.8 ಅಂತ ಬರೆದಿರುತ್ತಾರೆ, ಆಗ 0.3ಕ್ಕೆ ಒಂದು ಸ್ಟಾಪ್ ಅಂತ ಎಣಿಸಿಕೊಳ್ಳಿ. ಈಗ ನನ್ನ ಶಾಟಿನ ಲೆಕ್ಕ ಹಾಕೋಣ: ಎಫ್ 2.8, 1/3200. ಬೇಕಾಗಿದ್ದು 1/50. 3200ನ್ನು 50ರಿಂದ ಭಾಗಿಸಿದರೆ 64. ಎನ್‌ಡಿ 64, ಮುಗಿಯಿತು. ಎಫ್ 4 ಸಾಕು ಅನ್ನೋರಿಗೆ 32, ಎಫ್ 5.6 ಅಂದರೆ 16. ಲಾಗ್‌ನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ಸಪ್ಪೆ ಚಿತ್ರದಲ್ಲಿ, ತೆಗೆಯುವವರು ಮಾತ್ರ ಹುಷಾರು, ಕೆಲವು ಕ್ಯಾಮೆರಾದಲ್ಲಿ ಲಾಗ್ ಹಾಕಿದರೆ ಐಎಸ್‌ಒ 800ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ, ಇನ್ನೂ 3 ಸ್ಟಾಪ್ ಸೇರಿಸಿಕೊಳ್ಳಬೇಕು.

ಎನ್‌ಡಿ 1000 ವ್ಲಾಗಿಗೆ ಬೇಡ. ಅದು ಜಲಪಾತದ ನೀರನ್ನು ಹಾಲಿನ ಹಾಗೆ ಮಾಡುವವರ ಸಾಮಾನು.

ಆ ಫೆಬ್ರವರಿಯ ಶಾಟ್ ನೋಡಿ ಬೇಜಾರಾಗಿ, ಹುಬ್ಬಳ್ಳಿಗೆ ಬಂದವನೇ ಒಂದು ಅಂಗಡಿಯಲ್ಲಿ 900 ರೂಪಾಯಿ ಕೊಟ್ಟು, ತಿರುಗಿಸಿ ಕತ್ತಲು ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ತಂದೆ. 2ರಿಂದ 400ರವರೆಗೆ ಅಂತ ಬರೆದಿತ್ತು. ಒಂದೇ ಗಾಜಲ್ಲಿ ಎಲ್ಲಾ! ಮುಂದಿನ ಭಾನುವಾರ ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಗೆ ಹೋದೆ. ಅಲ್ಲಿ ಶಿವನ ಗುಡಿಗೆ ಎದುರಾಗಿಯೇ ಸೂರ್ಯನಿಗೊಂದು ಸಣ್ಣ ಗುಡಿ ಇದೆ, ನಾನು ಸೂರ್ಯನ ಮುಂದೆಯೇ ನಿಂತು ಬಿಸಿಲಿನ ಜತೆ ಕುಸ್ತಿ ಹಿಡಿಯುತ್ತಿದ್ದೆ. 16 ಎಂಎಂ ಲೆನ್ಸ್ ಹಾಕಿ ಫಿಲ್ಟರ್ ತಿರುಗಿಸುತ್ತಾ ಹೋದೆ, ತಿರುಗಿಸುತ್ತಾ ಹೋದೆ, ಇದ್ದಕ್ಕಿದ್ದಂತೆ ಫ್ರೇಮಿನ ನಡುವೆ ದೊಡ್ಡದೊಂದು ಕಪ್ಪು ಗುಣಿಸು ಚಿಹ್ನೆ. ಇಗೋ, ಇದೇ. ಪರೀಕ್ಷೆಯಲ್ಲಿ ಮೇಷ್ಟ್ರು ತಪ್ಪು ಅಂತ ಹೊಡೆದ ಹಾಗೆ.

ಯಾಕೆ ಅಂದರೆ ವೇರಿಯಬಲ್ ಒಳಗೆ ಇರೋದು ಎರಡು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಗಾಜು. ಒಂದನ್ನು ಇನ್ನೊಂದರ ಮೇಲೆ ತಿರುಗಿಸಿದಷ್ಟೂ ಕತ್ತಲು. ಪೂರ್ತಿ ಅಡ್ಡ ಆಗುವ ಹತ್ತಿರ ಬಂದರೆ ಕತ್ತಲು ಎಲ್ಲ ಕಡೆ ಒಂದೇ ಸಮ ಬೀಳೋದಿಲ್ಲ, ವೈಡ್ ಲೆನ್ಸಿನಲ್ಲಂತೂ ಆ ಗುಣಿಸು ಗುರುತು ಬೇಗ ಬರುತ್ತದೆ. ಅದಕ್ಕೇ 2ರಿಂದ 5 ಸ್ಟಾಪ್ ಅಂತ ಕಮ್ಮಿ ಹೇಳಿ, ಎರಡೂ ತುದಿಗೆ ಗಟ್ಟಿ ತಡೆ ಇಟ್ಟಿರುವ ಫಿಲ್ಟರನ್ನೇ ನಾನು ನಂಬುವುದು. 9 ಸ್ಟಾಪ್‌ನ ಆಸೆ ತೋರಿಸುವವರನ್ನು ಅಲ್ಲ.

ಬಣ್ಣದ ಕಥೆ ಇನ್ನೂ ಕೆಟ್ಟದು. ಅದೇ ಫಿಲ್ಟರ್ ಹಿಡಿದು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಹರವಿ ಒಣಗಿಸಿರುತ್ತಾರಲ್ಲ, ನೆಲ ಕಾಣದ ಹಾಗೆ ಕೆಂಪು. ಬ್ಯಾಡಗಿ ಕಾಯಿಗೆ ಹೆಸರು ಬಂದಿರೋದೇ ಬಣ್ಣಕ್ಕೆ, ಖಾರಕ್ಕಲ್ಲ. ನನ್ನ ವಿಡಿಯೋದಲ್ಲಿ ಅದು ಹಳೇ ಇಟ್ಟಿಗೆ ಬಣ್ಣ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸೋದು) ಸರಿ ಮಾಡೋಣ ಅಂದರೆ, ರಿಂಗ್ ತಿರುಗಿಸಿದಂತೆ ಬಣ್ಣವೂ ಬದಲಾಗಿದೆ, ಒಂದು ಕ್ಲಿಪ್ಪಿಗೆ ಹಸಿರು ಜಾಸ್ತಿ, ಇನ್ನೊಂದಕ್ಕೆ ಹಳದಿ, ಎರಡು ರಾತ್ರಿ ಕೂತರೂ ಹೊಂದಲಿಲ್ಲ. ಆಮೇಲೆ ಫಿಲ್ಟರ್ ಕೊಳ್ಳಲು ಹೋದಾಗ ಜೇಬಲ್ಲಿ ಒಂದು ಬಿಳಿ ಹಾಳೆ ಇಟ್ಟುಕೊಂಡೇ ಹೋದೆ. ಅಂಗಡಿ ಬಾಗಿಲಿಗೆ ಬಂದು, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಫಿಲ್ಟರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ಹಾಳೆಯನ್ನು ತೆಗೆದು ನೋಡಿದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು, ನೋಡಲಿ. ತೀರಾ ಗಾಢ ಎನ್‌ಡಿ ಆದರೆ ಹಾಳೆ ಜತೆಗೆ ಕಪ್ಪು ಬಟ್ಟೆಯನ್ನೂ ತೆಗೆದು ನೋಡಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಒಳಗೆ ನುಸುಳಿದರೆ ಕಪ್ಪು ಅಂಗಿ ಕಂದಾಗಿ ಬರುತ್ತದೆ.

ಕೊನೆಗೆ ನಾನು ಇಟ್ಟುಕೊಂಡಿರೋದು ಎರಡೇ. ಮಾತಾಡುತ್ತಾ ಬಿಸಿಲಿಂದ ಗುಡಿಯ ನೆರಳಿಗೆ ನಡೆಯುವಾಗ 2ರಿಂದ 5 ಸ್ಟಾಪ್ ವೇರಿಯಬಲ್. ಟ್ರೈಪಾಡ್ ಮೇಲೆ ನಿಂತಲ್ಲೇ ತೆಗೆಯುವಾಗ ಎನ್‌ಡಿ 64. ಉಣಕಲ್ ಕೆರೆ ದಂಡೆಗೂ ಎರಡನೆಯದೇ ಒಯ್ಯುತ್ತೇನೆ, ಯಾಕಂದರೆ ಪೋಲರೈಸರ್ ಕೆಲವು ಕೋನದಲ್ಲಿ ನೀರಿನ ಹೊಳಪನ್ನೇ ನುಂಗಿಬಿಡುತ್ತದೆ, ನನಗೆ ಆ ಹೊಳಪು ಬೇಕು.

ಸೈಜ್ ಬಗ್ಗೆ ಒಂದೇ ಮಾತು. ಲೆನ್ಸ್ ಮುಂದೆ ಅಡ್ಡಗೀಟು ಎಳೆದ ಸೊನ್ನೆ ಪಕ್ಕ ಬರೆದಿರುವ ಅಂಕಿ ನೋಡಿ. ನನ್ನವು 49, 55, 67. ಮೂರಕ್ಕೂ ಬೇರೆ ಬೇರೆ ಕೊಳ್ಳುವ ಹುಚ್ಚು ಬೇಡ, ದೊಡ್ಡದಕ್ಕೆ ಅಂದರೆ 67ಕ್ಕೆ ಫಿಲ್ಟರ್ ತಂದು, ಉಳಿದ ಎರಡಕ್ಕೆ, ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್ ಅಪ್ ರಿಂಗ್ ಹಾಕಿದ್ದೇನೆ. ಲೆನ್ಸ್ ಹುಡ್ ಮಾತ್ರ ಕೂರೋದಿಲ್ಲ, ಇಳಿಬಿಸಿಲಿಗೆ ಅಂಗೈ ಅಡ್ಡ ಹಿಡಿಯುತ್ತೇನೆ.

ಈಗ ನೋಡಿ, ಅದೇ ರಸ್ತೆ, ಅದೇ ಗಾಳಿಯಂತ್ರ, ಎಫ್ 2.8, 1/50. ರೆಕ್ಕೆ ಎಷ್ಟು ಮೆತ್ತಗೆ ಬರುತ್ತಿದೆ ನೋಡಿ. ಇದನ್ನು ತೆಗೆದು ಮುಗಿಸಿ ಚಹಾ ಕುಡಿದು ಬರುವಷ್ಟರಲ್ಲಿ ಸಂಜೆ ಆರು, ಬಿಸಿಲು ಇಳಿದಿತ್ತು, ಫಿಲ್ಟರ್ ಬಿಚ್ಚಬೇಕು. ಬಿಚ್ಚಲು ಹೋದರೆ ಎರಿ ಹೊಲದ ಧೂಳು ಥ್ರೆಡ್ಡಿನೊಳಗೆ ಕೂತು ರಿಂಗ್ ಅಲುಗಾಡುತ್ತಿಲ್ಲ. ಕೊನೆಗೆ ಟೀ ಅಂಗಡಿಯವರು ಬಿಸ್ಕತ್ ಪ್ಯಾಕೆಟ್ಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಕೊಟ್ಟರು. ರಿಂಗಿಗೆ ಸುತ್ತಿ ಮೆಲ್ಲಗೆ ತಿರುಗಿಸಿದೆ, ಬಂತು.