ಅತ್ತಿಗೆ ಮಿಡಿ, ನನ್ನ ಕ್ಲಿಕ್ಕು

ಎಲ್ಲರಿಗೂ ನಮಸ್ಕಾರ. ಈಗ ನೀವು ರೇಡಿಯೋ ಕೇಳ್ತಾ ಇದೀರ, ಮಧ್ಯ ಸೋಪಿಂದೋ ಸಿಮೆಂಟಿಂದೋ ಜಾಹೀರಾತು ಬಂತು ಅಂದ್ರೆ ಒಂದೋ ಕೂತು ಕೇಳ್ತೀರ ಇಲ್ಲಾ ಒಗ್ಗರಣೆ ಸೀಯತ್ತೆ ಅಂತ ಎದ್ದು ಹೋಗ್ತೀರ, ಎರಡರಲ್ಲಿ ಯಾವ್ದು ಮಾಡಿದ್ರಿ ಅಂತ ಆ ಸೋಪಿನೋರಿಗೆ ಯಾವತ್ತೂ ಗೊತ್ತಾಗಲ್ಲ. ಮೊಬೈಲಲ್ಲಿ ಹಂಗಲ್ಲ ನೋಡಿ. ಎಷ್ಟು ಸಲ ತೋರಿಸಿದ್ರು, ಎಷ್ಟು ಸಲ ಒತ್ತಿದ್ರು, ಎಲ್ಲಾ ಲೆಕ್ಕ. ಸಾವಿರ ಸಲ ತೋರಿಸಿ ಹತ್ತು ಸಲ ಒತ್ತಿದ್ರೆ 1 ಪರ್ಸೆಂಟ್, ನಮ್ಮ ಲೈನಲ್ಲಿ ಇದಕ್ಕೆ ಸಿಟಿಆರ್ ಅಂತಾರೆ. ನನ್ನ ಹೊಟ್ಟೆಪಾಡೇ ಇದು, ಸಣ್ಣಪುಟ್ಟ ಅಂಗಡಿಯೋರಿಗೆ ಆನ್‌ಲೈನ್ ಜಾಹೀರಾತು ಹಾಕ್ಕೊಡೋದು. ಬಂದೋರೆಲ್ಲಾ ಕೇಳೋದೂ ಒಂದೇ ಮಾತು, "ಸಾರ್, ಕ್ಲಿಕ್ ಜಾಸ್ತಿ ಬರಂಗೆ ಮಾಡ್ಕೊಡಿ."

ಒಂದು ಕಾಲದಲ್ಲಿ ಕ್ಲಿಕ್ ಸುಮ್ಮಸುಮ್ಮನೆ ಬರ್ತಿತ್ತು. 1994ರ ಅಕ್ಟೋಬರಲ್ಲಿ ಅಮೆರಿಕದಲ್ಲಿ ಹಾಟ್‌ವೈರ್ಡ್ ಅನ್ನೋ ವೆಬ್ ಪತ್ರಿಕೆ ಮೇಲೆ ಎಟಿ ಅಂಡ್ ಟಿ ಅನ್ನೋ ಫೋನ್ ಕಂಪನಿ ಒಂದು ಉದ್ದನೆ ಪಟ್ಟಿ ಜಾಹೀರಾತು ಹಾಕ್ತು. ಅದರಲ್ಲಿ ಫೋನ್ ಇಲ್ಲ, ರೇಟ್ ಇಲ್ಲ, "ಯಾವತ್ತಾದ್ರೂ ಮೌಸಲ್ಲಿ ಇಲ್ಲಿ ಒತ್ತಿದೀರಾ? ಒತ್ತೇ ಒತ್ತೀರಿ" ಅಂತ ಅಷ್ಟೇ. ನೋಡಿದ 100 ಜನದಲ್ಲಿ 44 ಜನ ಒತ್ತಿದ್ರು ಅಂತ ಹೇಳ್ತಾರೆ! ಈಗ 100ಕ್ಕೆ ಒಬ್ಬ ಒತ್ತಿದ್ರೂ ನಮ್ಮೋರು ಟೀ ಕೊಡಿಸ್ತಾರೆ. ಜನ ಆಗ ಪೆದ್ದರು ಈಗ ಜಾಣರು ಅಂತೇನಲ್ಲ, ಆಗ ಅದು ಹೊಸದು, ಊರಿಗೆ ಮೊದಲ ಬಸ್ ಬಂದಾಗ ಕೆಲಸ ಇಲ್ದೋರೂ ಹತ್ತಿ ಕೂತ್ಕೊಂಡಂಗೆ. ನಾಲ್ಕೇ ವರ್ಷದಲ್ಲಿ, 1998ರಲ್ಲಿ, ರೈಸ್ ಯೂನಿವರ್ಸಿಟಿಯ ಬೆನ್ವೇ ಮತ್ತೆ ಲೇನ್ ಅನ್ನೋರು ಒಂದು ಪರೀಕ್ಷೆ ಮಾಡಿದ್ರು. ಜನಕ್ಕೆ ಒಂದು ಮಾಹಿತಿ ಹುಡುಕಿ ಅಂತ ಹೇಳಿ, ಆ ಮಾಹಿತೀನ ಪುಟದ ಮೇಲ್ಗಡೆ ದಪ್ಪಗೆ, ಬಣ್ಣ ಹಚ್ಚಿ, ಜಾಹೀರಾತಿನ ತರ ಇಟ್ರು. ಬಹಳ ಜನಕ್ಕೆ ಕಾಣಲೇ ಇಲ್ಲ. ಅಂದ್ರೆ ಎದ್ದು ಕಾಣ್ಲಿ ಅಂತ ಮಾಡಿದ್ದೇ ಕಣ್ಣಿಗೆ ಬೀಳದೇ ಹೋಯ್ತು. ನಮ್ಮ ಗಿರಾಕಿಗಳು ಈಗ್ಲೂ "ಸಾರ್ ಇನ್ನೊಂಚೂರು ಕೆಂಪು ಹಾಕಿ, ಒಂದು ಸ್ಟಾರ್ ಮಿಣಮಿಣ ಅನ್ಲಿ" ಅಂತಾರೆ, ನಾನು ಏನು ಹೇಳ್ಲಿ.

ಸರಿ, ನಮ್ಮ ಮನೆ ಕಥೇನೇ ಹೇಳ್ತೀನಿ. ಸಾಗರದ ಹತ್ರ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರ್ತಾರೆ, ಬೆಂಗಳೂರಿಗೆ ಕೊರಿಯರ್. ಮೊದಲ ವರ್ಷ ನಾನು ಭಾರೀ ಬುದ್ಧಿವಂತ ಅಂದ್ಕೊಂಡು ಜಾಹೀರಾತು ಮಾಡಿದೆ, ಹಸಿರು ಹಿನ್ನೆಲೆ, ಮಾವಿನೆಲೆ ತೋರಣ, ಮೇಲೆ "ಶುದ್ಧ, ರುಚಿಕರ, ಮನೆಯಲ್ಲೇ ತಯಾರಿಸಿದ" ಅಂತ. ಯಾರೂ ಮುಟ್ಟಲಿಲ್ಲ. ಅತ್ತಿಗೆ ನೋಡಿ ನಕ್ಕುಬಿಟ್ರು, "ಇದು ಯಾವ ಉಪ್ಪಿನಕಾಯಿಗೂ ಆಗತ್ತಲ್ಲ ಮಾರಾಯ, ನಿಂಬೆಹಣ್ಣಿಗೂ ಆಗತ್ತೆ" ಅಂದ್ರು. ನಾನು ಈ ಕೆಲಸ ಕಲಿತಿದ್ದು ಅವತ್ತೇ ಅನ್ನಬಹುದು. ಆಮೇಲೆ ಅಂಗಳದಲ್ಲಿ ಅವರ ಕೈ ಮೇಲೆ ನಾಲ್ಕು ಮಿಡಿ ಇಟ್ಟು ಫೋನಲ್ಲೇ ಫೋಟೋ ತೆಗೆದೆ, ತೊಟ್ಟು ಉದ್ದ ಇತ್ತು, ಒಂದರ ತೊಟ್ಟು ಮುರಿದು ಸೊನೆ ಹೊರಗೆ ಬಂದು ಅಂಗೈ ಮೇಲೆ ಮಿರಮಿರ ಅಂತಿತ್ತು. ಕೆಳಗೆ ಬರೆದಿದ್ದು ಇಷ್ಟೇ, "ಜೀರಿಗೆ ಮಿಡಿ. ತೊಟ್ಟಿನ ಸಮೇತ ಕೊಯ್ದು ಉಪ್ಪಿಗೆ ಹಾಕಿದ್ದು." ಮಿಡಿ ಗೊತ್ತಿರೋರಿಗೆ ಆ ಸೊನೆ ನೋಡಿದ್ರೇನೇ ಮೂಗಿಗೆ ಪರಿಮಳ ಬಡಿಯತ್ತೆ, ಗೊತ್ತಿಲ್ದೋರು ಇದೇನಪ್ಪಾ ಅಂಟು ಅಂತ ಮುಂದೆ ಹೋಗ್ತಾರೆ, ಹೋಗ್ಲಿ ಬಿಡಿ, ಅವರು ಹೋಗೋದೇ ಒಳ್ಳೇದು.

ಯಾಕಂದ್ರೆ ಸರ್ಚಲ್ಲಿ ಹಾಕೋ ಜಾಹೀರಾತಿಗೆ ಸಾಮಾನ್ಯವಾಗಿ ಯಾರಾದ್ರೂ ಒತ್ತಿದಾಗ ನಮ್ಮ ದುಡ್ಡು ಹೋಗತ್ತೆ. ಬೇಡದೋನು ಒತ್ತಿದ್ರೂ ಹೋಗತ್ತೆ. ನಮಗೆ ಮೊದಲು ಹಂಗೇ ಆಯ್ತು, "ಮಿಡಿ ಉಪ್ಪಿನಕಾಯಿ ಮಾಡೋದು ಹೇಗೆ" ಅಂತ ಹುಡುಕೋರಲ್ಲಿ ಕೆಲವರು ಬಂದು ಒತ್ತೋದು, ರೆಸಿಪಿ ಇಲ್ಲ ಅಂತ ವಾಪಸ್ ಹೋಗೋದು, ಉಳಿದೋರು ನೋಡಿ ಒತ್ತದೇ ಮುಂದೆ ಹೋಗೋದು. ಅವರಿಗೆ ಬೇಕಿದ್ದು ಸಾಸಿವೆ ಎಷ್ಟು ಅನ್ನೋ ಅಳತೆ, ಬಾಟ್ಲಿ ಅಲ್ಲ. ಇದಕ್ಕೆ ನೆಗೆಟಿವ್ ಕೀವರ್ಡ್ ಅಂತ ಇರತ್ತೆ, ರೆಸಿಪಿ, ಮಾಡುವ ವಿಧಾನ, ಇಂಥ ಪದ ಹುಡುಕಿದೋರಿಗೆ ನಮ್ಮದನ್ನ ತೋರಿಸ್ಬೇಡ ಅಂತ ಹೇಳಿಡೋದು. ಕ್ಲಿಕ್ ಜಾಸ್ತಿ ಮಾಡಕ್ಕೆ ಬಂದೋನು ಕೆಲವರಿಗೆ ತೋರಿಸ್ಲೇಬೇಡ ಅಂತಾನಲ್ಲ ಅನ್ಸತ್ತೆ, ಆದ್ರೆ ಲೆಕ್ಕ ನೋಡಿ, ಬೇಡದೋರು ಒತ್ತಿ ಹೋಗೋ ದುಡ್ಡು ಉಳಿಯತ್ತೆ, ಒತ್ತದೇ ಹೋಗೋರಿಗೆ ತೋರಿಸೋದೂ ಕಮ್ಮಿ ಆದ್ರೆ ಸಿಟಿಆರ್ ಮೇಲೆ ಬರತ್ತೆ. ಗೂಗಲ್ಲಲ್ಲಿ ಮೇಲಿನ ಜಾಗ ಬರೀ ಜಾಸ್ತಿ ದುಡ್ಡು ಕೂಗಿದೋರಿಗೆ ಸಿಗಲ್ಲ, ಇದನ್ನ ಜನ ಒತ್ತೋ ಸಾಧ್ಯತೆ ಎಷ್ಟು, ಹುಡುಕಿದ್ದಕ್ಕೂ ಜಾಹೀರಾತಿಗೂ ಸಂಬಂಧ ಇದೆಯಾ, ಒತ್ತಿ ಹೋದ ಪುಟ ಸರಿಯಾಗಿದೆಯಾ, ಇದನ್ನೂ ನೋಡ್ತಾರೆ. ಹಂಗಾಗಿ ಸಣ್ಣೋರು ಕಮ್ಮಿ ದುಡ್ಡಲ್ಲೂ ದೊಡ್ಡೋರ ಪಕ್ಕ ಕೂರಬಹುದು.

ಇನ್ನು ಯಾವ ಪದ ಹುಡುಕಿದೋರಿಗೆ ನಮ್ಮದನ್ನ ತೋರಿಸ್ಬೇಕು ಅನ್ನೋದು. ನಮ್ಮ ಜನ ಹುಡುಕೋದು ವಿಚಿತ್ರ, ಕೆಲವರು ಕನ್ನಡದಲ್ಲೇ ಟೈಪ್ ಮಾಡ್ತಾರೆ, ಬಹಳ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೀತಾರೆ, ಅದ್ರಲ್ಲೂ ಅಪ್ಪೆಗೆ ಒಬ್ಬರು ಒಂದು ಪಿ, ಒಬ್ಬರು ಎರಡು ಪಿ, ಕಾಯಿಗೆ ಒಬ್ಬರು ವೈ ಹಾಕ್ತಾರೆ ಒಬ್ಬರು ಹಾಕಲ್ಲ. ಎಲ್ಲಾ ರೂಪಾನೂ ಆ ತೋರಿಸೋ ಪದಗಳ ಪಟ್ಟೀಲಿ ಸೇರಿಸ್ಬೇಕು. ಜಾಗದ ಕಷ್ಟ ಬೇರೆ, ಒಂದು ಹೆಡ್‌ಲೈನಿಗೆ ಗೂಗಲ್ ಕೊಡೋದು 30 ಅಕ್ಷರ, ಉಪ್ಪಿನಕಾಯಿ ಅನ್ನೋದು ನಮ್ಮ ಬಾಯಲ್ಲಿ ಐದು ಅಕ್ಷರ, ಕಂಪ್ಯೂಟರ್ ಎಣಿಕೇಲಿ ಒತ್ತು, ಗುಡಿಸು, ದೀರ್ಘ ಎಲ್ಲಾ ಬೇರೆ ಬೇರೆ ಸೇರಿ ಹತ್ತು! ಅದಕ್ಕೇ "ಶುದ್ಧ ರುಚಿಕರ"ಕ್ಕೆ ಅಲ್ಲಿ ಜಾಗಾನೇ ಇಲ್ಲ, ಒಂದು ರೀತಿ ಒಳ್ಳೇದಾಯ್ತು.

ಅಡ್ಡದಾರಿಗಳೂ ಇವೆ, ನಿಮಗೆಲ್ಲಾ ಗೊತ್ತಿರೋದೇ. ಮುಚ್ಚೋ ಇಂಟು ಗುರುತು ಸಾಸಿವೆ ಕಾಳಿನಷ್ಟು ಇಟ್ಟು ಬೆರಳು ತಪ್ಪಿ ಜಾಹೀರಾತಿನ ಮೇಲೆ ಬೀಳಂಗೆ ಮಾಡೋದು, ಸುದ್ದಿ ತರ ವೇಷ ಹಾಕೋದು, "ಇನ್ನು ಎರಡೇ ಪೀಸ್" ಅಂತ ವರ್ಷಪೂರ್ತಿ ಹೇಳೋದು. 2023ರ ನವೆಂಬರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಗ್ರಾಹಕರನ್ನ ಯಾಮಾರಿಸೋ ಇಂಥ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟು 13 ತರದ್ದನ್ನ ಪಟ್ಟಿ ಮಾಡಿ ನಿಷೇಧಿಸ್ತು, ವೇಷ ಹಾಕಿದ ಜಾಹೀರಾತು, ಸುಳ್ಳು ಅವಸರ ಎರಡೂ ಅದ್ರಲ್ಲಿವೆ. ಕಾನೂನು ಬಿಡಿ, ಬೆರಳು ತಪ್ಪಿ ಬಂದೋನು ಬೈಕೊಂಡು ಹೋಗ್ತಾನೆ, ಉಪ್ಪಿನಕಾಯಿ ತಗೊಳಲ್ಲ. ನನ್ನ ಅಕ್ಕನ ಮಗ ತನ್ನ ವೆಬ್‌ಸೈಟಲ್ಲಿ ಬರೋ ಬೇರೆಯೋರ ಜಾಹೀರಾತನ್ನ, ಒತ್ತಿದಷ್ಟೂ ತನಗೆ ದುಡ್ಡು ಅಂತ, ತಾನೇ ಒತ್ತಿ, ಸಾಲ್ದು ಅಂತ ಹಾಸ್ಟೆಲ್ ಹುಡುಗರ ಕೈಲೂ ಒತ್ತಿಸ್ತಿದ್ದ, ಒಂದು ದಿನ ಅಕೌಂಟೇ ಬಂದ್, ಕೂಡಿದ್ದ ದುಡ್ಡೂ ಹೋಯ್ತು. "ಮಾವಾ, ಹೆಂಗ್ ಗೊತ್ತಾಯ್ತು ಅವರಿಗೆ" ಅಂತ ಕೇಳ್ತಾನೆ, ಇಡೀ ಹಾಸ್ಟೆಲ್ ಒಂದೇ ವೈಫೈ.

ಹಾಂ, ಒತ್ತಿದ್ಮೇಲೆ ಎಲ್ಲಿಗೆ ಹೋಗತ್ತೆ ಅನ್ನೋದು. ಮೊದಲು ನಾವು ಒತ್ತಿದೋರನ್ನ ಹನ್ನೊಂದು ಖಾನೆ ಇರೋ ಫಾರಂಗೆ ಕಳಿಸ್ತಿದ್ವಿ, ಇಮೇಲ್ ಕೇಳೋದು, ಪಾಸ್‌ವರ್ಡ್ ಇಡಿ ಅನ್ನೋದು, ಒಂದು ಬಾಟ್ಲಿ ಉಪ್ಪಿನಕಾಯಿಗೆ! ಈಗ ಒತ್ತಿದ್ರೆ ನೇರ ಅತ್ತಿಗೆ ವಾಟ್ಸಾಪ್, ಜನ "ಅಕ್ಕಾ ಖಾರ ಎಷ್ಟಿರತ್ತೆ" ಅಂತ ಕೇಳ್ತಾರೆ, ಅವರು ವಾಯ್ಸ್ ಮೆಸೇಜಲ್ಲಿ ಹೇಳ್ತಾರೆ, ಹಿಂದೆ ಕೊಟ್ಟಿಗೇಲಿ ದನ ಕೂಗೋದೂ ಕೇಳತ್ತೆ. ಫೋಟೋದಲ್ಲಿ ಏನು ತೋರಿಸಿದ್ವೋ ಅದೇ ಮಿಡಿ, ಅದೇ ರೇಟು, ಕೊರಿಯರ್ ಖರ್ಚು ಎಷ್ಟು ಅಂತ ಮೊದಲೇ ಹೇಳಿಬಿಡ್ತೀವಿ.

ಈ ಸಲ ಮಳೆ ಗಾಳಿಗೆ ಮಿಡಿ ಬಹಳ ಉದುರೋಯ್ತು, ಹಾಕಿದ್ದೇ ಕಮ್ಮಿ. "ಈ ವರ್ಷ 60 ಬಾಟ್ಲಿ ಮಾತ್ರ" ಅಂತ ಹಾಕಿದ್ವಿ, ಎಣಿಸಿ ಹಾಕಿದ್ದು. ಐದನೇ ದಿನ ರಾತ್ರಿ ಹತ್ತೂವರೆಗೆ ಅತ್ತಿಗೆ ಫೋನು, "ಮಾರಾಯ, ಜಾಡಿ ಖಾಲಿ ಆಗಿ ಮಧ್ಯಾಹ್ನಾನೇ ತೊಳೆದಿಟ್ಟೆ, ಇವರು ಇನ್ನೂ ಒತ್ತುತಾನೇ ಇದಾರಲ್ಲ, ನಿಲ್ಸೋ ಅದನ್ನ." ನಾನು ಮರೆತೇ ಬಿಟ್ಟಿದ್ದೆ ನೋಡಿ, ಮಧ್ಯಾಹ್ನದಿಂದ ಒಂದೊಂದು ಕ್ಲಿಕ್ಕಿಗೂ ದುಡ್ಡು ಹೋಗ್ತಾ ಇತ್ತು. ಎದ್ದು ಲ್ಯಾಪ್‌ಟಾಪ್ ತೆಗೆದು ಜಾಹೀರಾತು ನಿಲ್ಲಿಸೋ ಬಟನ್ ಒತ್ತಿದೆ. ನಮಸ್ಕಾರ.