ಮಾರುವುದಕ್ಕೆ ಏನೂ ಇಲ್ಲದ ಪಾಠವನ್ನು ಡಾಕ್ಟರಿಗೆ ಹೇಳುವವರು ಯಾರು?

ನಮಸ್ಕಾರ. ಇವತ್ತು ನಮ್ಮ ಬೀದಿಯ ಎಂಬಿಬಿಎಸ್ ಡಾಕ್ಟರ ಬಗ್ಗೆ ಮಾತಾಡೋಣ. ಬೆಳಿಗ್ಗೆ 9ರಿಂದ 1, ಸಂಜೆ 5ರಿಂದ 9 ಅಂತ ಬೋರ್ಡು ಹಾಕಿಕೊಂಡಿರುತ್ತಾರಲ್ಲ, ಅವರು. ಮಗುವಿನ ಕೆಮ್ಮು, ಅಪ್ಪನ ಶುಗರ್, ಅಜ್ಜಿಯ ಮಂಡಿನೋವು, ಎಲ್ಲವನ್ನೂ ಒಂದೇ ಕುರ್ಚಿಯಲ್ಲಿ ಕೂತು ನೋಡುವವರು. ಇವರು ಕಾಲೇಜು ಬಿಟ್ಟು ಇಪ್ಪತ್ತು ವರ್ಷ ಆಗಿರಬಹುದು. ಅಲ್ಲಿಂದ ಇಲ್ಲಿವರೆಗೆ ವೈದ್ಯಕೀಯ ಎಷ್ಟೋ ಬದಲಾಗಿದೆ. ಆ ಬದಲಾವಣೆಯನ್ನು ಇವರಿಗೆ ತಲುಪಿಸಿದ್ದು ಯಾರು?

ನಿಯಮ ಅಂತೂ ಇದೆ. ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲೇ ಹೇಳಿತ್ತು: ಪ್ರತಿ ಡಾಕ್ಟರು ಐದು ವರ್ಷದಲ್ಲಿ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕು. ಅದಕ್ಕೆ ಎಲ್ಲರೂ ಸಿಎಂಇ ಅಂತಾರೆ. ಕರ್ನಾಟಕ ವೈದ್ಯಕೀಯ ಪರಿಷತ್ತು ನೋಂದಣಿ ನವೀಕರಣಕ್ಕೆ ಈ ಲೆಕ್ಕ ಕೇಳುತ್ತದೆ. ಭಾಗಿಸಿ ನೋಡಿ, ತಿಂಗಳಿಗೆ ಅರ್ಧ ಗಂಟೆ. ಸರಿ, ಅರ್ಧ ಗಂಟೆಯೇ ಆಗಲಿ. ಹೊತ್ತು ಕಡಿಮೆ ಅನ್ನುವುದು ನನ್ನ ತಕರಾರಲ್ಲ. ಆ ಹೊತ್ತನ್ನು ತುಂಬುವವರು ಯಾರು ಅನ್ನುವುದು ನನ್ನ ಪ್ರಶ್ನೆ.

ಇದರಲ್ಲಿ ನನಗೆ ಸ್ವಲ್ಪ ಒಳಗಿನ ವಿಷಯ ಗೊತ್ತು. ಈ ಚಾನೆಲ್ ಶುರು ಮಾಡುವ ಮೊದಲು ನಾನು ಔಷಧ ಕಂಪನಿಯ ರೆಪ್ ಆಗಿದ್ದೆ, ಅಂದರೆ ಡಾಕ್ಟರ ಹತ್ತಿರ ಹೋಗಿ ಕಂಪನಿಯ ಔಷಧಿಗಳ ಪ್ರಚಾರ ಮಾಡುವ ಪ್ರತಿನಿಧಿ. ಭಾನುವಾರದ ಸಿಎಂಇಗೆ ಹಾಲ್ ಬುಕ್ ಮಾಡುವುದು, ಬ್ಯಾನರ್ ಕಟ್ಟಿಸುವುದು, ಬ್ಯಾಗು-ಪೆನ್ನು ಜೋಡಿಸುವುದು ನಮ್ಮ ಕೆಲಸ. ಏಳು ಗಂಟೆಗೆ ಅಂದರೆ ಎಂಟಕ್ಕೆ ಶುರು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಿಂದ ಸ್ಪೆಷಲಿಸ್ಟ್ ಒಬ್ಬರು ಬರುತ್ತಿದ್ದರು. ಎದೆ ಸೀಳದೆ ಹೃದಯದ ವಾಲ್ವ್ ಬದಲಾಯಿಸುವುದು ಹೇಗೆ ಅಂತ ಸೊಗಸಾಗಿ ಹೇಳುತ್ತಿದ್ದರು. ಕೇಳುತ್ತಾ ಕೂತ ಡಾಕ್ಟರು ಜನ್ಮದಲ್ಲಿ ಆ ಕೆಲಸ ಮಾಡುವವರಲ್ಲ. ಕೊನೆಯ ಸ್ಲೈಡಿನಲ್ಲಿ ಆಸ್ಪತ್ರೆಯ ಫೋನ್ ನಂಬರ್. ಆಮೇಲೆ ಊಟ. ಕೆಲವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ನೇರವಾಗಿ ಊಟದ ಕಡೆ ಹೋಗುತ್ತಿದ್ದರು. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ವಾರವೆಲ್ಲ ದುಡಿದು ಸಿಕ್ಕ ಒಂದು ಸಂಜೆ ಅದು.

ಆ ಹಾಲಿನಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ಹೆಚ್ಚಿನದು ನಿಜವೇ. ಆದರೆ ಖರ್ಚು ಕೊಟ್ಟವರಿಗೆ ಬೇಕಾದ ನಿಜ. ಕಂಪನಿಗೆ ಹೊಸ ಮಾತ್ರೆ ಬರೆಸಬೇಕು, ಆಸ್ಪತ್ರೆಗೆ ರೆಫರ್ ಬರಬೇಕು. ಕುಟುಂಬ ವೈದ್ಯರಿಗೆ ನಿಜವಾಗಿ ಬೇಕಾದ ಪಾಠಗಳಲ್ಲಿ ಮಾರುವುದಕ್ಕೆ ಏನೂ ಇರುವುದಿಲ್ಲ. ಅದಕ್ಕೇ ಅವುಗಳಿಗೆ ಹಾಲ್ ಬುಕ್ ಆಗುವುದಿಲ್ಲ.

ಕ್ಷಯ ತಗೊಳ್ಳಿ. ಸರ್ಕಾರಿ ಚಿಕಿತ್ಸೆಯಲ್ಲಿ ವಾರಕ್ಕೆ ಮೂರು ದಿನ ಮಾತ್ರೆ ಕೊಡುವ ಪದ್ಧತಿ ಬಹಳ ವರ್ಷ ಇತ್ತು. 2017ರಲ್ಲಿ ದೇಶದಾದ್ಯಂತ ದಿನಾ ಮಾತ್ರೆ ಅಂತಾಯಿತು. ಡೋಸ್ ರೋಗಿಯ ತೂಕದ ಮೇಲೆ. 2012ರಿಂದ ಖಾಸಗಿ ಡಾಕ್ಟರು ಕೂಡ ಪ್ರತಿ ಟಿಬಿ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಎರಡು ವಾರ ಮೀರಿದ ಕೆಮ್ಮು ಮೊದಲು ಬರುವುದು ಈ ಬೀದಿ ಕ್ಲಿನಿಕ್ಕಿಗೇ. ಮಾತ್ರೆ ಸರ್ಕಾರದಿಂದ ಪುಕ್ಕಟೆ ಬರುತ್ತದೆ. ಹಾಗಾದರೆ ಈ ಪಾಠಕ್ಕೆ ಬ್ಯಾನರ್ ಕಟ್ಟುವವರು ಯಾರು?

ಹಾವು ಕಡಿತ ನೋಡಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಇದನ್ನು ಅಧಿಸೂಚಿತ ಕಾಯಿಲೆ, ಅಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಮಾಡಿತು. ದೇಶದಲ್ಲಿ ಮೊದಲು ಹೀಗೆ ಮಾಡಿದ್ದು ನಾವೇ. ಖಾಸಗಿ ಆಸ್ಪತ್ರೆಗಳೂ ವರದಿ ಕೊಡಬೇಕು. ಗದ್ದೆಯಿಂದ ಹೊತ್ತು ತಂದವರ ಕಾಲಿಗೆ ಹಗ್ಗ ಬಿಗಿದಿರುತ್ತದೆ. ಆ ಹಗ್ಗ ಕಟ್ಟಲೇಬಾರದಿತ್ತು. ಕಟ್ಟಿದ್ದಾಗಿದೆ, ಈಗ ಅದನ್ನು ಹುಷಾರಾಗಿ ಬಿಚ್ಚುವುದು ಹೇಗೆ? ಒಣಗಿದ ಗಾಜಿನ ಟ್ಯೂಬಿನಲ್ಲಿ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟರೆ, ವಿಷ ರಕ್ತವನ್ನು ಕೆಡಿಸಿದೆಯೇ ಅನ್ನುವುದಕ್ಕೆ, ಅದು ಹೆಪ್ಪುಗಟ್ಟಿತೋ ಇಲ್ಲವೋ ಅನ್ನುವುದರಲ್ಲೇ ದೊಡ್ಡ ಸುಳಿವು ಸಿಗುತ್ತದೆ. ಖರ್ಚು? ಒಂದು ಗಾಜಿನ ಟ್ಯೂಬು.

ಎಲ್ಲಕ್ಕಿಂತ ಕಷ್ಟದ್ದು 'ಬೇಡ' ಅನ್ನುವ ಪಾಠ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್-ಫಿನೈಲ್‌ಎಫ್ರಿನ್ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿ ಮೇಲೆ ಬರೆಯಿರಿ ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಹೇಳಿದರು. ಹೊಸ ಸಿರಪ್ ಬಂದರೆ ಒಂದೇ ವಾರದಲ್ಲಿ ರೆಪ್‌ಗಳು ತಾಲೂಕು ತಾಲೂಕಿಗೆ ಸುದ್ದಿ ಮುಟ್ಟಿಸುತ್ತಾರೆ. ಸ್ಯಾಂಪಲ್ ಸಮೇತ. 'ಇದನ್ನು ಬರೆಯಬೇಡಿ ಸಾರ್' ಅಂತ ಹೇಳಲು ಬ್ಯಾಗು ಹಿಡಿದು ಬಂದ ರೆಪ್ಪನ್ನು ನಾನು ನೋಡಿಲ್ಲ. ಹಾಗೆ ಹೇಳಿದ್ದರೆ ನಮ್ಮ ಮ್ಯಾನೇಜರ್ ಅದೇ ದಿನ ಮನೆಗೆ ಕಳಿಸುತ್ತಿದ್ದರು!

ಕಾಲೇಜಿನಲ್ಲೇ ತಳಪಾಯ ಗಟ್ಟಿಯಿದ್ದರೆ ಇದೆಲ್ಲ ಇಷ್ಟು ಕಾಡುತ್ತಿರಲಿಲ್ಲ. 1961ರಲ್ಲಿ ವೈದ್ಯ ಸಂಶೋಧಕ ಕೆರ್ ವೈಟ್ ಮತ್ತು ಅವರ ಜೊತೆಗಾರರು ಅಮೆರಿಕ, ಬ್ರಿಟನ್ನಿನ ಅಂಕಿಗಳಿಂದ ಒಂದು ಲೆಕ್ಕ ಕೊಟ್ಟರು. ಸಾವಿರ ದೊಡ್ಡವರಲ್ಲಿ ತಿಂಗಳಿಗೆ 750 ಜನಕ್ಕೆ ಏನಾದರೊಂದು ತೊಂದರೆ ಇರುತ್ತದೆ. 250 ಜನ ಡಾಕ್ಟರ ಹತ್ತಿರ ಹೋಗುತ್ತಾರೆ. 9 ಜನ ಆಸ್ಪತ್ರೆ ಸೇರುತ್ತಾರೆ. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಗೆ ಹೋಗುವುದು ಒಬ್ಬರು. ನಮ್ಮಲ್ಲಿ ಅಂಕಿ ಬೇರೆ ಇರಬಹುದು, ಚಿತ್ರ ಅದೇ. ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ಆ ಒಬ್ಬರ ಮಂಚದ ಸುತ್ತ ನಿಂತು ಕಲಿಯುತ್ತಾರೆ. ಕೆಲಸ ಮಾಡಬೇಕಾದದ್ದು ಉಳಿದ 249 ಜನರ ನಡುವೆ. ನಮ್ಮ ಬಹುತೇಕ ಕಾಲೇಜುಗಳಲ್ಲಿ ಕುಟುಂಬ ವೈದ್ಯಕೀಯ ಅನ್ನುವ ವಿಭಾಗವೇ ಇಲ್ಲ. ಕಲಿಸುವವರೆಲ್ಲ ಸ್ಪೆಷಲಿಸ್ಟ್‌ಗಳು. ಕೊನೆಯ ಒಂದು ವರ್ಷದ ಇಂಟರ್ನ್‌ಶಿಪ್ಪಿನಲ್ಲಾದರೂ ಕೈ ಪಳಗಬೇಕು. ಆಗ ಎಷ್ಟೋ ಮಕ್ಕಳ ಕಣ್ಣು ಸ್ಪೆಷಲಿಸ್ಟ್ ಓದಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಆಪ್ ಮೇಲೆ. ಪಿಜಿ ಸಿಗದವರು ಊರಿಗೆ ಬಂದು ಕ್ಲಿನಿಕ್ ತೆರೆಯುತ್ತಾರೆ. ಬ್ರಿಟನ್ನಿನಲ್ಲಿ ಇದೇ ಕುರ್ಚಿಯಲ್ಲಿ ಕೂರಲು ಡಿಗ್ರಿ ಆದಮೇಲೆ ಎರಡು ವರ್ಷದ ಫೌಂಡೇಶನ್, ಆಮೇಲೆ ಮೂರು ವರ್ಷ ಬೇರೆಯೇ ತರಬೇತಿ ಬೇಕು. ಇಲ್ಲಿಂದ ಹೋದ ಎಷ್ಟೋ ಕನ್ನಡದ ಡಾಕ್ಟರು ಆ ದಾರಿಯಲ್ಲೇ ಅಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯರು ಆಗಿದ್ದಾರೆ. ನಮ್ಮ ದೇಶದಲ್ಲಿ ಕೇರಳದ ಕೋಯಿಕ್ಕೋಡಿನ ಸರ್ಕಾರಿ ಕಾಲೇಜು ಎಂಡಿ ಫ್ಯಾಮಿಲಿ ಮೆಡಿಸಿನ್ ಶುರುಮಾಡಿ ಹತ್ತು ವರ್ಷದ ಮೇಲಾಯಿತು. ಎಂಡಿಗೆ ಸಮನಾದ ಇನ್ನೊಂದು ಪದವಿ ಡಿಎನ್‌ಬಿಯಲ್ಲೂ ಸೀಟುಗಳಿವೆ. ಆದರೆ ಅವು ಎಷ್ಟು ಜನಕ್ಕೆ ಸಾಕು, ಹೇಳಿ?

ಸರ್ಕಾರ ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. ಔಷಧ ಕಂಪನಿ ದುಡ್ಡು ಹಾಕಿದ ಶಿಕ್ಷಣ ಕಾರ್ಯಕ್ರಮಗಳಿಂದ ಡಾಕ್ಟರು ದೂರ ಇರಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ನಿಯಮ ತಂದಿತು. ಅದೇ ತಿಂಗಳು 23ಕ್ಕೆ ಆ ಇಡೀ ನಿಯಮಾವಳಿಯನ್ನು ತಡೆಹಿಡಿಯಿತು. ಮೂರೇ ವಾರ! ಜೆನೆರಿಕ್ ಹೆಸರಲ್ಲೇ ಬರೆಯಬೇಕು ಅನ್ನುವ ಇನ್ನೊಂದು ಕಲಮಿನ ಗಲಾಟೆಯಲ್ಲಿ ಇದೂ ಮುಳುಗಿತು. 2024ರ ಮಾರ್ಚಿನಲ್ಲಿ ಕಂಪನಿಗಳಿಗೇ ಒಂದು ಸಂಹಿತೆ ಬಂತು. ಉಡುಗೊರೆ ಬೇಡ, ಪ್ರವಾಸ ಬೇಡ, ವಿದೇಶದಲ್ಲಿ ಸಿಎಂಇ ಬೇಡ. ಒಳ್ಳೆಯದೇ. ಆದರೆ ಭಾಷಣಕಾರರಿಗೆ ಟಿಕೆಟ್ಟು, ರೂಮು ಕೊಡಬಹುದಂತೆ. ಭಾಷಣಕಾರರ ಪಟ್ಟಿ ಎಷ್ಟು ಉದ್ದ ಆಗಬಹುದು ಅಂತ ನನಗೆ ಗೊತ್ತು. ಆ ಪಟ್ಟಿ ಟೈಪ್ ಮಾಡುತ್ತಿದ್ದದ್ದು ನಾವೇ ಅಲ್ವಾ.

ಬೇರೆ ದಾರಿ ಇಲ್ಲವಾ? ಇದೆ, ನಮ್ಮ ಬೆಂಗಳೂರಿನಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ ಆಯಿತು. ಈಚೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಡಾಕ್ಟರು ತಮ್ಮ ಓಪಿಡಿಯಲ್ಲಿ ತಮ್ಮದೇ ರೋಗಿಗಳನ್ನು ನೋಡುತ್ತಿರುತ್ತಾರೆ. ನಿಮ್ಹಾನ್ಸ್‌ನ ಮನೋವೈದ್ಯರು ವಿಡಿಯೋದಲ್ಲಿ ಜೊತೆಗೆ ಕೂರುತ್ತಾರೆ. 'ಮೈಕೈ ನೋವು, ಸುಸ್ತು, ನಿದ್ದೆ ಬರಲ್ಲ' ಅಂತ ಹೆಂಗಸೊಬ್ಬರು ಬಂದರು ಅಂದುಕೊಳ್ಳಿ. ಬಿ ಕಾಂಪ್ಲೆಕ್ಸ್ ಬರೆದು ಕಳಿಸುವ ಮೊದಲು ಇನ್ನೆರಡು ಪ್ರಶ್ನೆ ಏನು ಕೇಳಬೇಕು? ಖಿನ್ನತೆ ಅಂತ ಅನುಮಾನ ಬಂದರೆ ಯಾವ ಮಾತ್ರೆ, ಎಷ್ಟು, ಯಾವಾಗ ಮತ್ತೆ ಬರಹೇಳಬೇಕು? ಇದೆಲ್ಲ ಆ ರೋಗಿ ಎದುರಿಗಿರುವಾಗಲೇ ತಿಳಿಯುತ್ತದೆ. ಡಾಕ್ಟರು ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ಗದ್ದೆಗೆ ಇಳಿದ ಮೇಲೇ ನಾಟಿ ಕೈಗೆ ಹತ್ತುವುದು. ಇದು ಕೂಡ ಹಾಗೆಯೇ.

ಇದು ಸರ್ಕಾರಿ ಡಾಕ್ಟರಿಗೆ ಆಯಿತು. ಖಾಸಗಿ ಕ್ಲಿನಿಕ್ಕಿನವರ ಪಾಡು ಬೇರೆ. ಒಬ್ಬರೇ ಡಾಕ್ಟರು, ಒಬ್ಬರು ಕಾಂಪೌಂಡರ್. ಒಂದು ದಿನ ಬಾಗಿಲು ಹಾಕಿದರೆ ಆ ದಿನದ ಸಂಪಾದನೆ ಇಲ್ಲ, ರೋಗಿ ಪಕ್ಕದ ಬೀದಿಗೆ ಹೋಗುತ್ತಾನೆ. ಬೆಂಗಳೂರಿಗೆ ಬಂದು ಮೂರು ದಿನ ಕಲಿಯಿರಿ ಅಂದರೆ ಯಾರು ಬರುತ್ತಾರೆ? ಭಾನುವಾರದ ಹೋಟೆಲ್ ಹಾಲ್ ಗೆದ್ದದ್ದು ಇದರಿಂದಲೇ. ಕಂಪನಿಯವರಿಗೆ ಡಾಕ್ಟರ ದಿನಚರಿ ಗೊತ್ತಿತ್ತು. ಪರಿಷತ್ತಿಗೆ ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ.

ತಾಲೂಕು ಊರುಗಳಲ್ಲಿ ಕ್ಲಿನಿಕ್ಕುಗಳು ಮಧ್ಯಾಹ್ನ 1ರಿಂದ 5ರವರೆಗೆ ಮುಚ್ಚಿರುತ್ತವೆ. ತಿಂಗಳಿಗೊಂದು ಮಧ್ಯಾಹ್ನ, ಊರಿನ ಐದಾರು ಡಾಕ್ಟರು ಯಾರದಾದರೂ ಒಂದು ಕ್ಲಿನಿಕ್ಕಿನಲ್ಲಿ ಸೇರಲಿ. ಒಬ್ಬೊಬ್ಬರು ತಮಗೆ ಗೊತ್ತಾಗದೆ ಹೋದ ಒಂದೊಂದು ಕೇಸ್ ತರಲಿ. ರೋಗಿಯ ಹೆಸರು ಬೇಡ. ತಾವು ಬರೆದ ಹತ್ತು ಚೀಟಿ ಮೇಜಿನ ಮೇಲಿಟ್ಟು, ಯಾವ ಆಂಟಿಬಯೋಟಿಕ್ ಬೇಕಿರಲಿಲ್ಲ ಅಂತ ಪರಸ್ಪರ ಕೇಳಿಕೊಳ್ಳಲಿ. ಪರಿಷತ್ತು 30 ಗಂಟೆಯಲ್ಲಿ ಅರ್ಧವನ್ನು ಇಂಥ ಕೂಟಕ್ಕೆ ಮೀಸಲಿಡಲಿ. ಸುಳ್ಳು ಹಾಜರಿ ಬರೆದುಕೊಳ್ಳುತ್ತಾರೆ ಅಂತ ಯಾರಾದರೂ ಅಂದರೆ, ಹೌದು, ಕೆಲವರು ಬರೆದುಕೊಳ್ಳುತ್ತಾರೆ. ಸಹಿ ಹಾಕಿ ಊಟಕ್ಕೆ ಹೋದವರಿಗೆ ಇಷ್ಟು ವರ್ಷ ಸಿಎಂಇ ಪಾಯಿಂಟ್ ಕೊಟ್ಟವರು ಈಗ ಮಾತ್ರ ಮಡಿ ಮಾಡಬಾರದು.

ಹೊರಗಿನ ಭಾಷಣಕಾರರು ಬೇಕೇ ಬೇಕು ಅಂದರೆ ದೂರ ಹುಡುಕಬೇಕಾಗಿಲ್ಲ. ಕ್ಷಯದ ಬಗ್ಗೆ ಹೇಳಲು ತಾಲೂಕು ಆಸ್ಪತ್ರೆಯ ಟಿಬಿ ವಿಭಾಗದವರು ಅದೇ ಊರಿನಲ್ಲಿದ್ದಾರೆ. ಹಾವು ಕಡಿತಕ್ಕೆ ರಾತ್ರಿ ಪಾಳಿ ಮಾಡುವ ಡಾಕ್ಟರು ಅಲ್ಲೇ ಇದ್ದಾರೆ. ಕರೆದರೆ ಬರುತ್ತಾರೆ. ಊಟ ಇದೆ ಅಂದರೆ ಇನ್ನೂ ಬೇಗ ಬರುತ್ತಾರೆ. ಆ ಊಟದ ಬಿಲ್ಲನ್ನು ಮಾತ್ರ ಡಾಕ್ಟರುಗಳೇ ಹಂಚಿಕೊಳ್ಳಲಿ.